ಆಫ್ಘಾನಿಸ್ತಾನಕ್ಕೆ ಸೂಲಗಿತ್ತಿಯರು ಇನ್ನೆಲ್ಲಿಂದ ಬರಬೇಕು?

ತಾಲಿಬಾನ್ ಹೆಣ್ಣುಮಕ್ಕಳ ಮೇಲೆ ಹೇರಿದ ನಿಷೇಧಗಳು ನಮಗೆ ಬಿಡಿ ಸುದ್ದಿಗಳಾಗಿ ತಲುಪುತ್ತವೆ. ಒಂದು ದಿನ ಶಾಲೆ, ಇನ್ನೊಂದು ದಿನ ಪಾರ್ಕು, ಮತ್ತೊಂದು ದಿನ ಬ್ಯೂಟಿ ಪಾರ್ಲರ್. ಇವು ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂದು ತಿಳಿಯಬೇಕಾದರೆ ಹೆರಿಗೆ ಕೋಣೆಯನ್ನು ನೋಡಬೇಕು.

ಅಲ್ಲಿನ ದರಿ ಭಾಷೆಯಲ್ಲಿ ಎರಡು ಪದಗಳಿವೆ. ನಮ್ಮ ಸೂಲಗಿತ್ತಿಯಂತೆ ಹಿರಿಯರಿಂದ ನೋಡಿ ಕಲಿತವಳು ದಾಯಾ. ಓದಿ, ತರಬೇತಿ ಪಡೆದವಳು ಕಾಬಿಲಾ. 2002ರ ಸಮೀಕ್ಷೆಯಲ್ಲಿ ಪ್ರತಿ ಲಕ್ಷ ಜೀವಂತ ಜನನಕ್ಕೆ ಸುಮಾರು 1,600 ತಾಯಂದಿರು ಸಾಯುತ್ತಿದ್ದರು; ಆಗ ಕಾಬಿಲಾಗಳ ಸಂಖ್ಯೆ ತೀರಾ ಕಡಿಮೆ. 2020ರ ವಿಶ್ವಸಂಸ್ಥೆಯ ಅಂದಾಜಿನಲ್ಲಿ ಆ ಸಂಖ್ಯೆ 620ಕ್ಕೆ ಇಳಿದಿತ್ತು. ಇದಕ್ಕೆ ರಸ್ತೆ, ಔಷಧಿ, ಹಣ ಎಲ್ಲವೂ ಕಾರಣ. ಆದರೆ ಸಮುದಾಯ ಸೂಲಗಿತ್ತಿ ತರಬೇತಿಯ ಪಾಲು ದೊಡ್ಡದು.

ಆ ಯೋಜನೆಯ ಜಾಣ್ಮೆ ಇದ್ದದ್ದು ಆಯ್ಕೆಯಲ್ಲಿ. ಕಾಬೂಲಿನಿಂದ ಹಳ್ಳಿಗೆ ಯಾರನ್ನೋ ಕಳಿಸುವ ಬದಲು, ಆಯಾ ಜಿಲ್ಲೆಯ ಶಾಲೆ ಕಲಿತ ಹುಡುಗಿಯನ್ನೇ ಊರಿನವರ ಒಪ್ಪಿಗೆಯೊಂದಿಗೆ ಆರಿಸಿ, ಸುಮಾರು ಎರಡು ವರ್ಷ ಪ್ರಾಂತ್ಯದ ಕೇಂದ್ರದಲ್ಲಿ ಕಲಿಸಿ, ಮತ್ತೆ ಅದೇ ಊರಿಗೆ ಕಳಿಸುತ್ತಿದ್ದರು. ಊರಿನವಳಾದ್ದರಿಂದ ಮನೆಯವರು ಬಾಗಿಲು ತೆರೆಯುತ್ತಿದ್ದರು. ಅವಳು ಕಲಿತದ್ದು ಸಣ್ಣ ವಿದ್ಯೆಯಲ್ಲ. ಹೆರಿಗೆಯ ನಂತರದ ರಕ್ತಸ್ರಾವ ಎರಡು ಗಂಟೆಯೊಳಗೆ ಜೀವ ತೆಗೆಯಬಲ್ಲದು. ಅದನ್ನು ತಡೆಯಲು ಮಗು ಹುಟ್ಟಿದ ಒಂದು ನಿಮಿಷದೊಳಗೆ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚಬೇಕು, ಆ ಔಷಧಿಯನ್ನು ತಂಪಿನಲ್ಲಿಟ್ಟಿರಬೇಕು, ಕಸ (ಮಾಸು) ಪೂರ್ತಿ ಬಿದ್ದಿದೆಯೇ ನೋಡಬೇಕು, ಗರ್ಭಕೋಶ ಗಟ್ಟಿಯಾಗುತ್ತಿದೆಯೇ ಎಂದು ಹೊಟ್ಟೆ ಮುಟ್ಟಿ ತಿಳಿಯಬೇಕು. ಯಾವ ಹಂತದಲ್ಲಿ ತನ್ನ ಕೈಮೀರಿತು, ಯಾವಾಗ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು ಎಂಬ ತೀರ್ಮಾನವೂ ಅವಳದೇ.

ಈ ಸರಪಳಿಯ ಕೊಂಡಿಗಳು ಕಳಚಿದ ಕ್ರಮ ನೋಡಿ. ಸೆಪ್ಟೆಂಬರ್ 2021ರಲ್ಲಿ ತಾಲಿಬಾನಿಗಳು ಪ್ರೌಢಶಾಲೆಗಳಿಗೆ ಗಂಡುಮಕ್ಕಳನ್ನು ಮಾತ್ರ ಕರೆದರು. 2022ರ ಮಾರ್ಚ್ 23ರಂದು ಹುಡುಗಿಯರಿಗೂ ಶಾಲೆ ತೆರೆಯುತ್ತದೆ ಎಂದಿದ್ದರು. ಸಮವಸ್ತ್ರ ತೊಟ್ಟು ಬಂದವರನ್ನು ಅದೇ ಬೆಳಿಗ್ಗೆ ಮನೆಗೆ ಕಳಿಸಿದರು. ಹೀಗೆ ಹುಡುಗಿಯರ ಓದು ಆರನೇ ತರಗತಿಗೆ ನಿಂತಿತು. ಡಿಸೆಂಬರ್ 2022ರಲ್ಲಿ ವಿಶ್ವವಿದ್ಯಾಲಯಗಳ ಬಾಗಿಲೂ ಮುಚ್ಚಿತು. ಉಳಿದಿದ್ದ ಒಂದು ಕಿಂಡಿ ಎಂದರೆ ನರ್ಸಿಂಗ್ ಮತ್ತು ಸೂಲಗಿತ್ತಿ ಕೋರ್ಸು ನಡೆಸುವ ಸಂಸ್ಥೆಗಳು. ಹೆಂಗಸರಿಗೆ ಹೆಂಗಸರೇ ಚಿಕಿತ್ಸೆ ಕೊಡಬೇಕೆನ್ನುವ ಆಡಳಿತ ಇವನ್ನಾದರೂ ಮುಟ್ಟಲಾರದು ಎಂಬ ನಂಬಿಕೆಯಿತ್ತು. ಡಿಸೆಂಬರ್ 2024ರಲ್ಲಿ ಅವೂ ಮುಚ್ಚಿದವು. ಸಂಸ್ಥೆಗಳ ಮುಖ್ಯಸ್ಥರನ್ನು ಕರೆಸಿ ಬಾಯಿಮಾತಿನಲ್ಲಿ ಹೇಳಿದರು. ಲಿಖಿತ ಆದೇಶವಿಲ್ಲದಿದ್ದರೆ ಪ್ರಶ್ನಿಸಲು ಹಿಡಿಯುವುದಕ್ಕೂ ಒಂದು ಕಾಗದವಿರುವುದಿಲ್ಲ.

ಈಗಾಗಲೇ ತರಬೇತಿ ಪಡೆದವರು ಕೆಲಸ ಮಾಡಬಹುದು, ನಿಜ. ಆದರೆ ಅವರು ಕ್ಲಿನಿಕ್ಕಿಗೆ ತಲುಪುವುದು ಹೇಗೆ? ಇಲ್ಲಿ ಬರುತ್ತದೆ ಮಹ್ರಮ್ ನಿಯಮ. ಮಹ್ರಮ್ ಎಂದರೆ ಗಂಡ, ತಂದೆ, ಅಣ್ಣ ತಮ್ಮ, ಮಗನಂಥ ಹತ್ತಿರದ ಗಂಡಸು. ಡಿಸೆಂಬರ್ 2021ರಲ್ಲಿ 72 ಕಿಲೋಮೀಟರ್‌ಗಿಂತ ದೂರದ ಪ್ರಯಾಣಕ್ಕೆ ಅವನು ಜೊತೆಗಿರಬೇಕು ಎಂದರು. ಆಗಸ್ಟ್ 2024ರ 35 ವಿಧಿಗಳ ನೈತಿಕತೆಯ ಕಾನೂನು, ಮಹ್ರಮ್ ಇಲ್ಲದ ಹೆಂಗಸನ್ನು ವಾಹನಕ್ಕೆ ಹತ್ತಿಸಿಕೊಳ್ಳಬಾರದೆಂದು ಚಾಲಕನಿಗೇ ಕಟ್ಟು ಹಾಕಿತು. ಜೊತೆ ಬರುವ ಗಂಡಸು ತನ್ನ ದಿನದ ಕೂಲಿ ಬಿಡಬೇಕು. ಯುದ್ಧದಲ್ಲಿ ಗಂಡಂದಿರನ್ನು ಕಳೆದುಕೊಂಡವರು ತುಂಬಿರುವ ದೇಶದಲ್ಲಿ ವಿಧವೆಯ ಪಾಡೇನು? ರಾತ್ರಿ ಎರಡು ಗಂಟೆಗೆ ಹೆರಿಗೆ ನೋವು ಶುರುವಾದರೆ ಗರ್ಭಿಣಿಗೂ ಒಬ್ಬ ಗಂಡಸು ಬೇಕು, ಸೂಲಗಿತ್ತಿಗೂ ಒಬ್ಬ ಬೇಕು.

ಶಿಕ್ಷೆಯ ರೀತಿಯನ್ನೂ ಗಮನಿಸಬೇಕು. ಮೇ 2022ರ ಮುಖ ಮುಚ್ಚುವ ಆದೇಶದಲ್ಲಿ ತಪ್ಪು ಹೆಂಗಸಿನದು, ದಂಡನೆ ಮನೆಯ ಗಂಡಸಿಗೆ: ಮೊದಲು ಮನೆಗೆ ಬಂದು ಎಚ್ಚರಿಕೆ, ಎರಡನೆಯ ಸಲ ಕಚೇರಿಗೆ ಕರೆ, ಮೂರನೆಯ ಸಲ ಮೂರು ದಿನ ಸೆರೆ, ನಾಲ್ಕನೆಯ ಸಲ ನ್ಯಾಯಾಲಯ. ಹೀಗಾಗಿ ಕಾಯುವ ಕೆಲಸ ಬೀದಿಯಿಂದ ಮನೆಯೊಳಗೆ ಬಂತು. ಮಗಳು ಹೊರಗೆ ಹೋಗಲಿ ಎಂದು ಬಯಸುವ ತಂದೆಯೂ ಹೆದರಿ ಬೇಡ ಎನ್ನುತ್ತಾನೆ. ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯ ಅತಿ ಕ್ರೂರ ಭಾಗ ಇದೇ.

ದೂರು ಕೊಡಲು ಈಗ ಜಾಗವೂ ಇಲ್ಲ. 2004ರ ಸಂವಿಧಾನ ಸಮಾನತೆಯನ್ನೂ, ಕೆಳಮನೆಯ 249 ಸ್ಥಾನಗಳಲ್ಲಿ 68ನ್ನೂ ಮಹಿಳೆಯರಿಗೆ ಕೊಟ್ಟಿತ್ತು. 2009ರ ಕಾನೂನು ಮಹಿಳೆಯರ ಮೇಲಿನ 22 ಬಗೆಯ ದೌರ್ಜನ್ಯಗಳನ್ನು ಅಪರಾಧವೆಂದಿತ್ತು. ಕಾಬೂಲಿನ ಮಹಿಳಾ ಸಚಿವಾಲಯದ ಕಟ್ಟಡದಲ್ಲಿ ಈಗಿರುವುದು ನೈತಿಕತೆಯ ಸಚಿವಾಲಯ.

2025ರ ಆಗಸ್ಟ್ 31ರ ರಾತ್ರಿ ಕುನಾರ್ ಪ್ರಾಂತ್ಯದಲ್ಲಿ ಭೂಕಂಪವಾದಾಗ ಗಾಯಗೊಂಡ ಹೆಂಗಸರನ್ನು ನೋಡಲು ಮಹಿಳಾ ಸಿಬ್ಬಂದಿ ಸಾಲದಾಯಿತು. ನೆರವಿಗೆ ಹೊರಟ ಮಹಿಳೆಯರು ಮಹ್ರಮ್ ಇಲ್ಲದೆ ಪ್ರಯಾಣಿಸಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ತಾಲಿಬಾನನ್ನು ಕೇಳಿಕೊಳ್ಳಬೇಕಾಯಿತು.

ಲೆಕ್ಕ ಹಾಕಿ ನೋಡಿ. 2021ರಲ್ಲಿ ಆರನೇ ತರಗತಿ ಮುಗಿಸಿದ ಹುಡುಗಿ ಓದು ಮುಂದುವರಿಸಿದ್ದರೆ 2027ಕ್ಕೆ ಹನ್ನೆರಡನೆಯದು ಮುಗಿಸುತ್ತಿದ್ದಳು. ಇನ್ನೆರಡು ವರ್ಷದ ತರಬೇತಿ ಮುಗಿಸಿ 2030ರ ಹೊತ್ತಿಗೆ ತನ್ನೂರಿನ ಕ್ಲಿನಿಕ್ಕಿನಲ್ಲಿ ಕಾಬಿಲಾ ಆಗಿರುತ್ತಿದ್ದಳು.