ಕೊನೆಗೆ ಎಲ್ಲಾ ಒಂದೇ ಲಾರಿಗೆ ಹೋಗತ್ತಲ್ಲ, ಮತ್ಯಾಕೆ ಕಸ ಬೇರೆ ಮಾಡ್ತೀರ?

ಮನೆಗೆ ಬಂದೋರು ಅಡುಗೆಮನೆಲಿರೋ ಡಬ್ಬಗಳನ್ನ ನೋಡಿ ಕೇಳೋದು ಇದನ್ನೇ. ಕೇಳೋದ್ರಲ್ಲಿ ತಪ್ಪಿಲ್ಲ, ಬೆಂಗಳೂರಲ್ಲಿ ಕೆಲವು ಕಡೆ ನಿಜವಾಗ್ಲೂ ಮಿಕ್ಸ್ ಮಾಡ್ತಾರೆ.

ಆದ್ರೆ ಮಿಕ್ಸ್ ಆದ್ಮೇಲೂ ಅದನ್ನ ಯಾರೋ ಕೈಯಲ್ಲೇ ಬೇರೆ ಮಾಡ್ತಾರೆ ಕಣ್ರೀ. ಕಸದ ಆಟೋ ಹಿಂದೆ ನಿಂತಿರೋ ಅಕ್ಕ ಕವರ್ ಗಂಟು ಬಿಚ್ಚಿ ಕೈ ಹಾಕ್ತಾರೆ, ಎಷ್ಟೋ ಸಲ ಗ್ಲೌಸ್ ಕೂಡ ಇರಲ್ಲ, ಒಳಗೆ ಒಡೆದ ಲೋಟ ಇದೆಯಾ, ಬ್ಲೇಡ್ ಇದೆಯಾ, ಇನ್ಸುಲಿನ್ ಸೂಜಿ ಇದೆಯಾ ಅಂತ ಅವ್ರಿಗೆ ಗೊತ್ತಾಗೋದು ಕೈಗೆ ಚುಚ್ಚಿದ್ಮೇಲೆನೇ. ಕವರ್ ಕಟ್ಟಿದ ನನಗೆ ಅದು ಮೊದ್ಲೇ ಗೊತ್ತಿರತ್ತೆ. ಗೊತ್ತಿದ್ದೂ ಹೇಳ್ದೆ ಕೊಟ್ಬಿಡೋದು ನನ್ನ ಪ್ರಕಾರ ಅನ್ಯಾಯ, ಲಾರಿ ಆಮೇಲೆ ಎಲ್ಲಿಗೇ ಹೋಗ್ಲಿ.

ಅದಕ್ಕೇ ಗಾಜು ಒಡೆದ್ರೆ ದಪ್ಪ ಪೇಪರಲ್ಲಿ ಸುತ್ತಿ, ದಾರ ಕಟ್ಟಿ, ಸ್ಕೆಚ್ ಪೆನ್ನಲ್ಲಿ 'ಗಾಜು' ಅಂತ ಬರೆದು ಬೇರೆಯಾಗೇ ಕೊಡ್ತೀನಿ, ಕೊಡುವಾಗ ಬಾಯಲ್ಲೂ ಹೇಳ್ತೀನಿ, ಎಲ್ರಿಗೂ ಓದೋಕೆ ಬರತ್ತೆ ಅಂತೇನಿಲ್ವಲ್ಲ. ಪ್ಯಾಡು, ಡೈಪರ್ ಸರಿಯಾಗಿ ಸುತ್ತಿ ಕೊಡ್ಬೇಕು ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಬರೆದಿದ್ರು, ಅದನ್ನ ಪೇಪರಲ್ಲಿ ಸುತ್ತಿ ಮೇಲೊಂದು ಕೆಂಪು ಗುರುತು ಹಾಕೋಕೆ ಎಷ್ಟು ಹೊತ್ತು ಬೇಕು ಹೇಳಿ. ಹಾಲಿನ ಕವರ್ ಕತ್ತರಿಸುವಾಗ ಮೂಲೆ ಪೂರ್ತಿ ತುಂಡು ಮಾಡಲ್ಲ, ಆ ಚೂರು ಆಮೇಲೆ ಯಾರ ಕೈಗೂ ಸಿಗದೆ ಮಣ್ಣು ಸೇರತ್ತೆ. ಕವರ್ ತೊಳೆದು ಒಣಗಿಸಿ ಕೊಟ್ರೆ ಆಯೋರಿಗೆ ಅದು ದುಡ್ಡು, ಸಾಂಬಾರು ಮೆತ್ಕೊಂಡ್ರೆ ಪೇಪರೂ ಹೋಯ್ತು, ಕವರೂ ಹೋಯ್ತು, ಅವ್ರ ಅವತ್ತಿನ ಸಂಪಾದನೆಗೂ ಪೆಟ್ಟು.

ಇನ್ನು ಊರಾಚೆ ಕಥೆ. ಬೆಂಗಳೂರಿನ ಕಸ ಸುರೀತಿದ್ದ ಮಾವಳ್ಳಿಪುರ ಅನ್ನೋ ಹಳ್ಳಿಯೋರು ಸಾಕಪ್ಪಾ ಅಂದು 2012ರಲ್ಲಿ ಅಲ್ಲಿ ಸುರಿಯೋದು ನಿಂತಾಗ ಸಿಟಿ ತುಂಬಾ ಕಸ ಕೊಳೀತು, ಲಾರಿಗಳು ಮಂಡೂರಿನ ಕಡೆ ತಿರುಗಿದ್ವು, ಆ ಊರಿನ ಜನ ವಾಸನೆ, ನೊಣ, ಕೆಟ್ಟ ನೀರು ಎಲ್ಲಾ ಅನುಭವಿಸಿ 2014ರಲ್ಲಿ ರಸ್ತೆಗಿಳಿದ್ರು, ಆ ವರ್ಷದ ಡಿಸೆಂಬರ್‌ನಿಂದ ಅಲ್ಲೂ ನಿಂತಿತು. ಅವ್ರು ನಮ್ಗೇನು ಮಾಡಿದ್ರು ಅಂತ ನಮ್ಮ ಮನೆ ಕೊಳೆತ ಅನ್ನ ಅವ್ರ ಊರಿಗೆ ಹೋಗ್ಬೇಕಿತ್ತು? ಹಸಿಕಸ ಮನೆಲೇ ಗೊಬ್ಬರ ಆದ್ರೆ ಅಷ್ಟಾದ್ರೂ ಇನ್ನೊಬ್ಬರ ಊರಿಗೆ ಹೋಗಲ್ಲ. ಬಾಲ್ಕನಿಲಿ ಒಂದು ಮಡಕೆ, ಸ್ವಲ್ಪ ತೆಂಗಿನ ನಾರಿನ ಪುಡಿ ಸಾಕು, ಆಗಾಗ ಕೈಯಾಡಿಸ್ಬೇಕು.

ದೇವಸ್ಥಾನಕ್ಕೆ ಹೋಗೋದು, ದಾನ ಮಾಡೋದು ಎಲ್ಲಾ ಒಳ್ಳೇದೇ, ನಾನೂ ಮಾಡ್ತೀನಿ. ಆದ್ರೆ ಅಲ್ಲಿ ನಾಲ್ಕು ಜನ ನೋಡ್ತಾರೆ. ಕಸದ ಕವರ್ ಒಳಗೆ ಏನಿದೆ ಅಂತ ಯಾರೂ ನೋಡಲ್ಲ, ಅದಕ್ಕೇ ನನಗೆ ಇದು ಮುಖ್ಯ ಅನ್ಸೋದು.

ಮಿಕ್ಸ್ ಮಾಡೋದು ಕಣ್ಣಿಗೆ ಬಿದ್ರೆ ಸುಮ್ನಿರಲ್ಲ, ವಾರ್ಡಿನ ಸೂಪರ್‌ವೈಸರ್‌ಗೆ ಫೋನ್ ಮಾಡ್ತೀನಿ. ಆಟೋದಲ್ಲಿರೋ ಅಕ್ಕನ ಮೇಲೆ ಮಾತ್ರ ರೇಗಲ್ಲ. ಗಾಡಿಲಿ ಎರಡು ಭಾಗ ಮಾಡಿಸ್ಬೇಕಾದೋರು ಅವ್ರಲ್ಲ, ಕಂಟ್ರಾಕ್ಟರು.