ಮೂರು ಮೊಳದ ಸರಪಳಿ

ನಮ್ಮ ಅಡುಗೆಮನೆಯ ಕಿಟಕಿ ತೆರೆದರೆ ಪಕ್ಕದ ಮನೆಯ ಹಿತ್ತಿಲು ಕಾಣುತ್ತದೆ. ಅಲ್ಲಿ ನೀರಿನ ಟಾಕಿಯನ್ನು ಹೊತ್ತ ಕಬ್ಬಿಣದ ಕಾಲಿಗೆ, ಮೂರು ಮೊಳಕ್ಕಿಂತ ಉದ್ದವಿರದ ಸರಪಳಿಯಲ್ಲಿ, ರಾಜಾ ಎಂಬ ಮುಧೋಳ ನಾಯಿಯನ್ನು ಕಟ್ಟಿರುತ್ತಿದ್ದರು. ನಾನು ಅದನ್ನು ಎರಡು ವರ್ಷ ನೋಡಿದೆ. ರಾತ್ರಿ ಅದು ಊಳಿಡುವಾಗ ಎದ್ದು ಕಿಟಕಿ ಮುಚ್ಚಿದೆ, ಬೆಳಿಗ್ಗೆ ಶಾಲೆಗೆ ಹೊರಟೆ, ಸಂಜೆ ಐದೂವರೆಗೆ ಮರಳಿದೆ. ಆ ಎರಡು ವರ್ಷಗಳಲ್ಲಿ ನಾನು ಆ ಮನೆಯ ಯಜಮಾನರನ್ನು ಒಂದು ಮಾತೂ ಕೇಳಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬರೆಯುವುದರಲ್ಲಿ ಅವರ ತಪ್ಪಿನ ಜೊತೆಗೆ ನನ್ನದೂ ಸೇರಿದೆ.

ಬಾಗಲಕೋಟೆಯ ನವನಗರದಲ್ಲಿ 2024ರ ಬೇಸಿಗೆ ರಜೆಗೆ ಹಗಲಿಡೀ ಮನೆಯಲ್ಲಿ ಉಳಿದಾಗಲೇ ಆ ನಾಯಿಯ ಹಗಲು ಹೇಗಿರುತ್ತದೆ ಎಂದು ನನಗೆ ತಿಳಿದದ್ದು. ಬೆಳಿಗ್ಗೆ ಏಳಕ್ಕೆ ಯಜಮಾನರು ಪ್ಲಾಸ್ಟಿಕ್ ಬೋಗುಣಿಯ ತುಂಬ ನೀರು ಹಾಕಿ, ಹಿಂದಿನ ರಾತ್ರಿಯ ರೊಟ್ಟಿಯ ಚೂರುಗಳನ್ನು ಎಸೆದು ಒಳಗೆ ಹೋಗುತ್ತಿದ್ದರು. ನಾಯಿ ಟಾಕಿಯ ಕಾಲಿನ ಸುತ್ತ ತಿರುಗತೊಡಗುತ್ತಿತ್ತು, ಸರಪಳಿ ಬೋಗುಣಿಗೆ ತಾಗುತ್ತಿತ್ತು, ಒಂಬತ್ತು ಹೊಡೆಯುವುದರೊಳಗೆ ನೀರೆಲ್ಲ ಫರಸಿಯ ಮೇಲೆ ಹರಿದು ಒಣಗಿರುತ್ತಿತ್ತು. ಹನ್ನೆರಡರ ತನಕ ಟಾಕಿಯ ನೆರಳು ಅದರ ಮೈಮೇಲೆ ಇರುತ್ತಿತ್ತು. ಆಮೇಲೆ ನೆರಳು ಗೋಡೆಯ ಆಚೆಗೆ ಸರಿಯುತ್ತಿತ್ತು, ಸರಪಳಿ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಏಪ್ರಿಲ್ ಕೊನೆಗೆ ನಮ್ಮಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಬರಿಗಾಲಲ್ಲಿ ಅಂಥ ಫರಸಿಯ ಮೇಲೆ ನಾವು ಹತ್ತು ಹೆಜ್ಜೆ ಇಡಲಾರೆವು. ಅದು ಕಾಲುಗಳನ್ನು ಒಂದೊಂದಾಗಿ ಎತ್ತಿ ಇಡುತ್ತ, ನಾಲಿಗೆ ಚಾಚಿ ನಿಂತಿರುತ್ತಿತ್ತು. ಬೊಗಳುತ್ತಿರಲಿಲ್ಲ. ಸಂಜೆ ಯಜಮಾನರು ಬಂದು ಬರಿದಾದ ಬೋಗುಣಿಯನ್ನು ನೋಡಿ, ನಾಯಿ ನೀರೆಲ್ಲ ಕುಡಿದಿದೆ ಎಂದುಕೊಳ್ಳುತ್ತಿದ್ದರು. ಅವರು ಸುಳ್ಳು ಹೇಳುತ್ತಿರಲಿಲ್ಲ, ನಿಜವಾಗಿಯೂ ಹಾಗೆಯೇ ನಂಬಿದ್ದರು. ಇದನ್ನು ನಾನು ಒತ್ತಿ ಹೇಳಲು ಕಾರಣವಿದೆ: ಆ ಮನೆಯಲ್ಲಿ ಕಟುಕರು ಯಾರೂ ಇರಲಿಲ್ಲ.

ರಾಜಾ ಆ ಮನೆಗೆ ಬಂದದ್ದು 2020ರ ಕೊನೆಯಲ್ಲಿ. ಅದೇ ವರ್ಷದ ಆಗಸ್ಟ್‌ನಲ್ಲಿ ಪ್ರಧಾನಿಯವರು ಬಾನುಲಿಯ ಮನ್ ಕೀ ಬಾತ್ ಕಾರ್ಯಕ್ರಮದಲ್ಲಿ ಮುಧೋಳ ನಾಯಿಯ ಹೆಸರು ಹೇಳಿದ್ದರು. ಮುಧೋಳ ನಮ್ಮ ಜಿಲ್ಲೆಯದೇ ಊರು. ಘೋರ್ಪಡೆ ಅರಸರು ಬೆಳೆಸಿದ ಈ ತಳಿಯ ಮೇಲೆ 2005ರಲ್ಲಿ ಅಂಚೆ ಚೀಟಿ ಬಂದದ್ದು, ಆಮೇಲೆ ಭಾರತೀಯ ಸೇನೆ ಇದೇ ನಾಯಿಗಳನ್ನು ತರಬೇತಿಗೆ ಮೇರಠ್‌ಗೆ ಕರೆದೊಯ್ದದ್ದು ನಮ್ಮೆಲ್ಲರಿಗೂ ಹೆಮ್ಮೆಯ ವಿಷಯವೇ. ಲಾಕ್‌ಡೌನಿನಿಂದ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಪಕ್ಕದ ಮನೆಯ ಮಗ ಆ ಹೆಮ್ಮೆಯಿಂದಲೇ ಮರಿಯನ್ನು ತಂದ. ದಿನಾ ಎರಡು ಹೊತ್ತು ಓಡಿಸುತ್ತಿದ್ದ, ಹಾಲು, ಮೊಟ್ಟೆ, ಜೋಳದ ನುಚ್ಚು ತಿನ್ನಿಸುತ್ತಿದ್ದ. 2022ರಲ್ಲಿ ಕಂಪನಿ ಅವನನ್ನು ಬೆಂಗಳೂರಿಗೆ ಕರೆಯಿತು. ನಾಯಿಯನ್ನು ಬಾಡಿಗೆ ಮನೆಗೆ ಒಯ್ಯಲಾಗಲಿಲ್ಲ. ಅಂದಿನಿಂದ ಅದು ಮಂಡಿ ನೋವಿನ ತಂದೆ ಮತ್ತು ನಾಯಿಯೆಂದರೆ ಅಂಜುವ ತಾಯಿಯ ಪಾಲಿಗೆ ಬಂತು. ಅದು ಹಾರುತ್ತದೆ, ಬೀಳಿಸುತ್ತದೆ ಎಂದು ಕಟ್ಟಿದರು. ಕಟ್ಟಿದ್ದರಿಂದ ಬಿಟ್ಟಾಗಲೆಲ್ಲ ಇನ್ನೂ ಜೋರಾಗಿ ಹಾರಿತು. ಕೊನೆಗೆ ಬಿಡುವುದೇ ನಿಂತಿತು.

ಯಾವ ನಾಯಿಯನ್ನೂ ಹೀಗೆ ಕಟ್ಟಬಾರದು, ಆದರೆ ಮುಧೋಳ ನಾಯಿಯನ್ನು ಕಟ್ಟುವುದು ಅದರ ದೇಹಕ್ಕೇ ವಿರುದ್ಧವಾದದ್ದು. ಅದು ಮೂಸಿ ಹುಡುಕುವ ಬೇಟೆಗಾರನಲ್ಲ, ಕಣ್ಣಿನಿಂದ ಕಂಡು ಬೆನ್ನಟ್ಟಿ ಹಿಡಿಯುವ ಬೇಟೆಗಾರ. ಆಳವಾದ ಎದೆ, ಒಳಸೇರಿದ ಹೊಟ್ಟೆ, ಉದ್ದ ಕಾಲುಗಳು, ಎಲ್ಲವೂ ಮೊಲದ ಹಿಂದೆ ಬಯಲಿನಲ್ಲಿ ಓಡಲೆಂದೇ ಆದವು. ಚರ್ಮದ ಕೆಳಗೆ ಕೊಬ್ಬು ಕಡಿಮೆ, ಕೂದಲು ತುಂಬ ಗಿಡ್ಡ. ಬರಿಯ ಕಲ್ಲಿನ ಮೇಲೆ ಮಲಗಿ ಮಲಗಿ ಮೊಣಕೈಗಳಲ್ಲಿ ಹುಣ್ಣಾಗುತ್ತವೆ. ಮನೆ ಕಾಯಲಿ ಎಂದು ತಂದು ಕಟ್ಟಿದವರಿಗೆ ಅದರಿಂದ ಕಾವಲೂ ಸಿಗುವುದಿಲ್ಲ, ಏಕೆಂದರೆ ಓಡಲಾರದ ಓಟಗಾರ ಸುಮ್ಮನೆ ಕುಗ್ಗುತ್ತ ಹೋಗುತ್ತದೆ.

ಓಣಿಯವರಿಗೆ ತೊಂದರೆಯಾಗಿದ್ದು ಅದರ ಊಳಿನಿಂದ ಮಾತ್ರ. ರಾತ್ರಿ ನಾಯಿ ಅತ್ತರೆ ಮನೆಗೆ ಒಳ್ಳೆಯದಲ್ಲ ಎಂದರು ಕೆಲವರು. ಊರ ಹೊರಗಿನ ಗದ್ದನಕೇರಿ ಕ್ರಾಸ್ ದಾಟಿ ಎಲ್ಲಿಯಾದರೂ ಬಿಟ್ಟು ಬರಲಿ ಎಂದು ಇನ್ನೊಬ್ಬರು ಯಜಮಾನರಿಗೇ ಹೇಳಿದರು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಮುಳುಗುವ ಮುಂಚಿನ, ಹಳೆಯ ಬಾಗಲಕೋಟೆಯ ನಮ್ಮ ಓಣಿ ನನಗೆ ಆಗ ನೆನಪಾಯಿತು. ಅಲ್ಲಿ ನಾಯಿಗಳಿಗೆ ಸರಪಳಿ ಇರಲಿಲ್ಲ, ಹೆಸರೂ ಹೆಚ್ಚಾಗಿ ಇರಲಿಲ್ಲ, ಆದರೆ ಪ್ರತಿ ಕಟ್ಟೆಯಿಂದ ಒಂದು ತುಣುಕು ರೊಟ್ಟಿ ಬೀಳುತ್ತಿತ್ತು ಮತ್ತು ಯಾವ ನಾಯಿ ಕುಂಟಿದರೂ ಹತ್ತು ಜನ ಅದನ್ನು ಕಾಣುತ್ತಿದ್ದರು. ನವನಗರದ ಸೆಕ್ಟರಿನ ಕಂಪೌಂಡ್ ಗೋಡೆಗಳ ನಡುವೆ ನಾಯಿಗೆ ಒಬ್ಬನೇ ಒಡೆಯ. ಅವನು ಕಣ್ಣು ತೆಗೆದನೆಂದರೆ ಬೇರೆ ಕಣ್ಣಿಲ್ಲ.

ಕಾನೂನು ಏನು ಹೇಳುತ್ತದೆ ಎಂದು ಓದಿದೆ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಮು ನಮ್ಮ ಹಿತ್ತಿಲನ್ನು ನೋಡಿಯೇ ಬರೆದಂತಿದೆ: ಪ್ರಾಣಿಯನ್ನು ತೀರ ಗಿಡ್ಡ ಅಥವಾ ತೀರ ಭಾರದ ಸರಪಳಿಯಲ್ಲಿ ಅತಿ ಹೊತ್ತು ಕಟ್ಟುವುದು ಅಪರಾಧ, ಸದಾ ಕಟ್ಟಿಹಾಕುವ ನಾಯಿಗೆ ತಕ್ಕಷ್ಟು ಓಡಾಟ ಕೊಡದಿರುವುದು ಅಪರಾಧ, ಸಾಕಷ್ಟು ಅನ್ನ, ನೀರು, ನೆರಳು ಕೊಡದಿರುವುದು ಅಪರಾಧ. ದೂರ ಒಯ್ದು ಬಿಟ್ಟು ಬರುವುದೂ ಇದೇ ಕಲಮಿನಲ್ಲಿ ಅಪರಾಧವೇ, ಹಾಗಾಗಿ ಗದ್ದನಕೇರಿ ಕ್ರಾಸಿನ ಸಲಹೆ ಕೊಟ್ಟವರಿಗೆ ನಾನು ಅದನ್ನು ಓದಿ ಹೇಳಿದೆ. ಆದರೆ ಮೊದಲ ಸಲದ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ, ಅಥವಾ ಮೂರು ತಿಂಗಳವರೆಗೆ ಸೆರೆ, ಅಥವಾ ಎರಡೂ. ದಶಕಗಳ ಹಿಂದಿನ ಈ ಮೊತ್ತ ಇವತ್ತಿಗೂ ಪುಸ್ತಕದಲ್ಲಿ ಹಾಗೆಯೇ ಇರುವುದು ನನಗೆ ನೋವಿನ ಸಂಗತಿ. ಜೊತೆಗೆ ಕಟ್ಟಿಹಾಕುವುದು, ಉಪವಾಸ ಕೆಡವುವುದು ಇವೆಲ್ಲ ಅಸಂಜ್ಞೇಯ ಅಪರಾಧಗಳು, ಅಂದರೆ ನ್ಯಾಯಾಲಯದ ಅನುಮತಿ ಇಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ. ಘಟನೆ ನಡೆದ ಮೂರು ತಿಂಗಳೊಳಗೆ ಮೊಕದ್ದಮೆ ಹೂಡದಿದ್ದರೆ ಅದೂ ಹೋಯಿತು. ದೂರು ಕೊಡುವುದು ವ್ಯರ್ಥ ಎಂದು ನಾನು ಹೇಳುತ್ತಿಲ್ಲ. ಹೊಡೆದು ಹಿಂಸಿಸುವವರು, ಮಾತಿಗೆ ಬಗ್ಗದವರು ಪಕ್ಕದಲ್ಲಿದ್ದರೆ ದಿನಾಂಕ ಕಾಣುವ ಫೋಟೊಗಳನ್ನು ತೆಗೆದಿಟ್ಟು ಲಿಖಿತ ದೂರನ್ನೇ ಕೊಡಬೇಕು. ಆದರೆ ನಮ್ಮ ರಾಜಾನಿಗೆ ನೀರು ಬೇಕಾಗಿದ್ದದ್ದು ಅವತ್ತೇ ಮಧ್ಯಾಹ್ನ.

ಯಜಮಾನರಲ್ಲಿಗೆ ಹೋಗುವ ಮುಂಚೆ ಸರ್ಕಾರಿ ಪಶು ಆಸ್ಪತ್ರೆಗೆ ಹೋದೆ, ಏಕೆಂದರೆ ನನ್ನ ಕೋಪಕ್ಕೆ ಆಧಾರವಿದೆಯೇ ಎಂಬುದು ನನಗೆ ಮೊದಲು ತಿಳಿಯಬೇಕಿತ್ತು. ಕಿಟಕಿಯಿಂದ ತೆಗೆದ ಫೋಟೊಗಳನ್ನು ತೋರಿಸಿದೆ. ಈ ತಳಿಯಲ್ಲಿ ಕೊನೆಯ ಕೆಲವು ಪಕ್ಕೆಲುಬು ಕಾಣುವುದು ಸಹಜ, ಅದನ್ನೇ ಹಿಡಿದು ಜಗಳಕ್ಕೆ ಹೋಗಬೇಡಿ ಎಂದರು ವೈದ್ಯರು. ನೋಡಬೇಕಾದದ್ದು ಬೆನ್ನುಮೂಳೆಯ ಗಂಟುಗಳನ್ನು, ಸೊಂಟದ ಮೂಳೆಗಳನ್ನು ಮತ್ತು ತೊಡೆಗಳನ್ನು. ಗಂಟುಗಳು ಎದ್ದು, ತೊಡೆ ಕರಗಿದ್ದರೆ ಅದು ತಳಿಯ ತೆಳುವಲ್ಲ, ಹಸಿವು. ರಾಜಾನ ತೊಡೆಗಳು ಕರಗಿದ್ದವು. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಅಂಗಾಲುಗಳಲ್ಲಿ ಮಾತ್ರ ಬೆವರುತ್ತದೆ, ಉಳಿದ ಕಾವನ್ನೆಲ್ಲ ಏದುಸಿರಿನಿಂದಲೇ ಹೊರಹಾಕುತ್ತದೆ, ಅದಕ್ಕೆ ನೀರೇ ಬೇಕು. 20 ಕಿಲೋ ದಾಟಿದ ನಾಯಿಗೆ ಸಾಧಾರಣ ದಿನದಲ್ಲೇ ಒಂದು ಲೀಟರಿಗೂ ಹೆಚ್ಚು, ಇಂಥ ಬಿಸಿಲಿನಲ್ಲಿ ಅದರ ಎರಡು ಪಟ್ಟೂ ಆಗಬಹುದು ಎಂದು ಲೆಕ್ಕ ಹೇಳಿದರು. ಆರೋಗ್ಯವಂತ ನಾಯಿಯ ಮೈಶಾಖ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದು 106ರತ್ತ ಏರಿದರೆ ಕೆಲವೇ ಹೊತ್ತಿನಲ್ಲಿ ಜೀವಕ್ಕೆ ಅಪಾಯ. ಗೋಡೆಯ ಮೇಲಿಂದ ಕದ್ದು ತಿಂಡಿ ಎಸೆಯಬೇಡಿ ಎಂದೂ ಹೇಳಿದರು. ಹಸಿದ ನಾಯಿಗೆ ಒಮ್ಮೆಲೇ ಹೊಟ್ಟೆ ಬಿರಿಯುವಷ್ಟು ಹಾಕಿದರೆ ಅದೇ ಕೆಡುಕು, ಮೇಲಾಗಿ ಯಾರೋ ಹಾಕುತ್ತಾರೆಂದು ಮನೆಯವರು ಇದ್ದದ್ದನ್ನೂ ನಿಲ್ಲಿಸಬಹುದು.

ದಾರಿಯುದ್ದಕ್ಕೂ ನಾನು ಆಡಬೇಕಾದ ಮಾತನ್ನು ತಿದ್ದುತ್ತ ಬಂದೆ. ನಿಮ್ಮ ನಾಯಿಯನ್ನು ನೀವು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎಂಬ ಮಾತು ನಿಜವಾಗಿತ್ತು, ಆದರೆ ಅದಕ್ಕೆ ಉತ್ತರ ನಮ್ಮ ನಾಯಿ ನಮ್ಮ ಇಷ್ಟ ಎಂಬುದಷ್ಟೇ. ಆದ್ದರಿಂದ ಒಂದೇ ಒಂದು ಸಣ್ಣ ಸಂಗತಿಯನ್ನು ಎತ್ತಿಕೊಂಡೆ.

"ಕಾಕಾರ, ನೀವು ಮುಂಜಾನೆ ಹಾಕೋ ನೀರನ್ನ ರಾಜಾ ಕುಡಿಯೂದಿಲ್ರೀ. ಸರಪಳಿ ಬಡದು ಬೋಗುಣಿ ಬೀಳತೈತಿ. ರಜಾದಾಗ ದಿನಾ ನೋಡಾಕತ್ತೀನಿ."

ಅವರು ಬಹಳ ಹೊತ್ತು ಮಾತಾಡಲಿಲ್ಲ. "ಹೌದೇನ್ರೀ ಅಕ್ಕೋರ? ನಾ ಕುಡದೈತಿ ಅಂತ ತಿಳದಿದ್ದೆ," ಎಂದರು. ಅವರ ಮುಖ ಇಳಿದುಹೋಯಿತು. ಆಮೇಲೆ ತಾನಾಗಿಯೇ ಮಗನ ವಿಷಯ ಬಂತು, ಮಂಡಿಯ ವಿಷಯ ಬಂತು, ಮಾರಿಬಿಡೋಣವೆಂದರೆ ಮಗ ಫೋನಿನಲ್ಲಿ ಅಳುತ್ತಾನೆ ಎಂಬುದು ಬಂತು. ನಮ್ಮ ಹಿತ್ತಿಲಲ್ಲಿ ಹಿಂದೆ ಎಮ್ಮೆಗೆ ನೀರು ಕುಡಿಯಲು ಇಟ್ಟಿದ್ದ ಸಣ್ಣ ಕಲ್ಲಿನ ದೋಣಿಯೊಂದು ಉಳಿದಿತ್ತು. ಸರಪಳಿ ಎಷ್ಟು ಬಡಿದರೂ ಅದು ಉರುಳುವಂತಿರಲಿಲ್ಲ. ತಂದು ಇಡಲೇ ಎಂದು ಕೇಳಿದೆ. ಅಲ್ಲಿಯವರೆಗೆ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ಅವರ ಪತ್ನಿ ಆಗ ಹೊರಗೆ ಬಂದರು. ಅವರದು ಮೈಲಾರಲಿಂಗನ ಒಕ್ಕಲು. ಆ ದೇವರ ಸೇವೆಗೆ ದೀಕ್ಷೆ ಪಡೆದ ಗೊರವರು ಮನೆಗೆ ಬಂದಾಗ ದೋಣಿಯಲ್ಲಿ ಹಾಲು, ಬಾಳೆಹಣ್ಣು, ತುಪ್ಪ ತುಂಬಿಸುವುದು, ಅವರು ನಾಯಿಯಂತೆ ಬೊಗಳುತ್ತ ಬಾಗಿ ಅದನ್ನು ಉಣ್ಣುವುದು ಆ ಮನೆತನದ ಸೇವೆ. "ದೋಣಿ ತುಂಬಸೋ ಮನಿ ಐತ್ರೀ ನಮ್ದು," ಎಂದರು ಆಕೆ ಗಂಡನ ಕಡೆ ತಿರುಗಿ. "ಮನಿ ನಾಯಿ ನೀರಿಲ್ದ ನಿಂದ್ರೋದಂದ್ರ ಏನ್ರೀ ಅದು?" ನಾನು ಓದಿಕೊಂಡು ಹೋಗಿದ್ದ ಕಲಮುಗಳಲ್ಲಿ ಒಂದನ್ನೂ ಬಾಯಿಬಿಡಬೇಕಾಗಲಿಲ್ಲ. ನಾಯಿಗೆ ಅಂಜುತ್ತಿದ್ದ ಆ ತಾಯಿಯೇ ಅಂದಿನಿಂದ ದೂರ ನಿಂತು, ಪೈಪಿನಿಂದ ದಿನಕ್ಕೆ ಮೂರು ಸಲ ದೋಣಿ ತುಂಬಿಸತೊಡಗಿದರು.

ಮರುವಾರ ನಾಯಿಯ ಹತ್ತಿರ ಹೋಗಲು ಒಪ್ಪಿಗೆ ಸಿಕ್ಕಿತು. ಕಿಟಕಿಯಿಂದ ಕಾಣದ್ದು ಆಗ ಕಂಡಿತು. ಮರಿಯಿದ್ದಾಗ ಹಾಕಿದ ಕೊರಳ ಪಟ್ಟಿಯನ್ನು ಒಮ್ಮೆ ಮಾತ್ರ ಸಡಿಲಿಸಿದ್ದರು, ಅದು ಕುತ್ತಿಗೆಯ ಕೆಳಗೆ ಚರ್ಮವನ್ನು ಕೊರೆದು ಕೂತಿತ್ತು, ಗಾಯದಲ್ಲಿ ಹುಳವಾಗಿದ್ದವು. ಕಿವಿಗಳ ಒಳಗೆ ಉಣ್ಣಿಗಳು ತುಂಬಿದ್ದವು. ಪಟ್ಟಿ ಕತ್ತರಿಸುವಾಗ ರಾಜಾ ಕಚ್ಚಬಹುದೆಂದು ಪಶು ಆಸ್ಪತ್ರೆಯ ಕಂಪೌಂಡರ್ ಅದರ ಬಾಯಿಗೆ ಬಟ್ಟೆ ಕಟ್ಟಿದರು, ಆದರೆ ಅದು ಯಜಮಾನರ ಕಾಲಿಗೆ ತಲೆ ಒತ್ತಿಕೊಂಡು ನಡುಗಿದ್ದಷ್ಟೇ. ಅವರು ಕಣ್ಣೊರೆಸಿಕೊಂಡರು. ಉಣ್ಣಿಯಿಂದ ಬರುವ ಜ್ವರವೂ ಇತ್ತು. ಮೂರು ವಾರಕ್ಕೂ ಮೇಲೆ ಮಾತ್ರೆ ನುಂಗಿಸಬೇಕಾಯಿತು. ಮಾತ್ರೆಯ ಖರ್ಚನ್ನು ಮಗ ಕಳಿಸಿದ. ಮಾತ್ರೆಯನ್ನು ರೊಟ್ಟಿಯ ಚೂರಿನಲ್ಲಿ ಮುಚ್ಚಿ ಕೊಡುವುದನ್ನು ಅವನ ತಾಯಿ ಕಲಿತರು.

ಓಡಿಸುವ ಕೆಲಸವನ್ನು ನಾನು ಕೇಳಿ ಪಡೆದೆ. ಬೆಳಿಗ್ಗೆ ಐದೂವರೆಗೆ, ಬಿಸಿಲೇರುವ ಮುಂಚೆ. ಮೊದಲ ವಾರ ಅದು ಐವತ್ತು ಹೆಜ್ಜೆಗೆ ಕೂರುತ್ತಿತ್ತು, ಅಷ್ಟು ತೊಡೆಗಳು ಸೋತಿದ್ದವು. ಎರಡು ತಿಂಗಳಲ್ಲಿ ಬಲ ಬಂತು, ಬಲದ ಜೊತೆಗೆ ಬೇಟೆಯೂ ಬಂತು: ಒಂದು ದಿನ ಬೆಕ್ಕನ್ನು ಕಂಡು ಹಾರಿದ ರಭಸಕ್ಕೆ ಹಗ್ಗ ನನ್ನ ಕೈಯಿಂದ ಜಾರಿ, ನಾನು ಬಿದ್ದು, ನಾಯಿ ಒಂದು ತಾಸು ಕಾಣಲಿಲ್ಲ. ಆ ಒಂದು ತಾಸಿನಲ್ಲಿ ನಾನು ಪಟ್ಟ ಸಂಕಟ ಹೇಳತೀರದು. ಇನ್ನೊಬ್ಬರ ನಾಯಿ, ಅವರ ಮಗನ ಜೀವ, ಕಳೆದದ್ದು ನನ್ನ ಕೈಯಿಂದ. ಅದು ತಾನಾಗಿಯೇ ಬಂದು ಅವರ ಗೇಟಿನ ಮುಂದೆ ನಿಂತಿತ್ತು. ಅಂದಿನಿಂದ ಕೊರಳಿಗೆ ಕಟ್ಟುವ ಬದಲು ಎದೆಗೆ ಹಾಕುವ ಪಟ್ಟಿಯನ್ನು ಬಳಸುತ್ತೇವೆ ಮತ್ತು ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಳ್ಳುತ್ತೇನೆ.

ಎಲ್ಲವೂ ನಾನು ಬಯಸಿದಂತಾಗಿಲ್ಲ. ಹಿತ್ತಿಲ ಗೋಡೆಯ ಮೇಲೆ ಜಾಳಿಗೆ ಹಾಕಿಸಿದ ಮೇಲೆ ರಾಜಾ ಹಗಲಿನ ಬಹುಪಾಲು ಬಿಡುಗಡೆಯಾಗಿಯೇ ಇರುತ್ತದೆ, ಮಲಗಲು ಗೋಣಿಚೀಲ ಹಾಸಿದ ಹಲಗೆಯಿದೆ, ತಗಡಿನ ಮೇಲೆ ತೆಂಗಿನ ಗರಿ ಹೊದಿಸಿ ನೆರಳು ಮಾಡಿದ್ದೇವೆ. ಆದರೂ ಮನೆಗೆ ಬೀಗರು ಬಂದಾಗ ಅವರು ಈಗಲೂ ಅದನ್ನು ಟಾಕಿಯ ಕಾಲಿಗೇ ಕಟ್ಟುತ್ತಾರೆ. ಒಂದು ದಿನದ ಮಾತಿಗೆ ಏನಾಗುತ್ತದೆ ಎಂಬುದು ಅವರ ವಾದ. ಒಂದು ಕೋಣೆಯಲ್ಲಿ ಬಿಟ್ಟು ಬಾಗಿಲು ಹಾಕಬಹುದಲ್ಲ ಎಂಬುದು ನನ್ನದು. ಕಳೆದ ದೀಪಾವಳಿಯಲ್ಲಿ ಈ ಬಗ್ಗೆ ನಮ್ಮಲ್ಲಿ ಬಿರುಸಾಗಿಯೇ ಮಾತಾಯಿತು, ಎರಡು ದಿನ ಅವರು ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಐದೂವರೆಗೆ ಎಂದಿನಂತೆ ಗೇಟಿನ ಚಿಲಕ ತೆಗೆದೇ ಇತ್ತು. ಸರಪಳಿಯನ್ನು ಮಾತ್ರ ಬದಲಿಸಿದ್ದರು. ಹೊಸ ಹಗ್ಗ ಗೋಡೆಯ ನೆರಳಿನವರೆಗೂ ಮುಟ್ಟುತ್ತದೆ.

ಕೊರಳ ಕೆಳಗಿನ ಗಾಯದ ಗೆರೆಯಲ್ಲಿ ಕೂದಲು ಮತ್ತೆ ಬರಲಿಲ್ಲ. ಈ ತಿಂಗಳು ಅದಕ್ಕೆ ಹುಚ್ಚುನಾಯಿ ರೋಗದ ವಾರ್ಷಿಕ ಲಸಿಕೆ ಹಾಕಿಸಬೇಕು. ಟಂಟಂ ಆಟೋದಲ್ಲಿ ಅದು ತಮ್ಮೊಬ್ಬರ ಕೈಗೆ ನಿಲ್ಲುವುದಿಲ್ಲ, ಭಾನುವಾರ ಬಿಟ್ಟು ಬೇರೆ ಯಾವ ದಿನ ನನಗೆ ಬಿಡುವು ಎಂದು ಯಜಮಾನರು ನಿನ್ನೆ ಗೋಡೆಯಾಚೆಯಿಂದ ಕೇಳಿದರು. ಶನಿವಾರ ಶಾಲೆ ಮಧ್ಯಾಹ್ನಕ್ಕೆ ಬಿಡುತ್ತದೆ; ಅಂದೇ ಹೋಗುತ್ತಿದ್ದೇವೆ.