ಎರಡು ದಿನಾಂಕಗಳ ನಡುವೆ

ಯಾವುದೇ ಪ್ರಾಥಮಿಕ ಚಿಕಿತ್ಸಾಲಯಕ್ಕೆ ಗುಣಮಟ್ಟದ ಪರಿಶೀಲನೆಗೆಂದು ಹೋದಾಗ ನಾನು ಮೊದಲು ಕೇಳಿ ಪಡೆಯುವುದು ಗರ್ಭಿಣಿಯರ ತಪಾಸಣೆಯ ರಿಜಿಸ್ಟರನ್ನು. ಅದರಲ್ಲಿ ಲೈಂಗಿಕ ಸಂಪರ್ಕದಿಂದ ಹರಡುವ, ಗರ್ಭಿಣಿಯಿಂದ ಮಗುವಿಗೂ ದಾಟುವ ಸಿಫಿಲಿಸ್ ರೋಗದ ಪರೀಕ್ಷೆಯ ಅಂಕಣ ಸಾಮಾನ್ಯವಾಗಿ ತುಂಬಿರುತ್ತದೆ, ಏಕೆಂದರೆ ತಿಂಗಳ ವರದಿಗೆ ಬೇಕಾದ ಅಂಕಿ ಅಲ್ಲಿಂದಲೇ ಹೋಗುತ್ತದೆ. ಎಲ್ಲಾದರೂ 'ರಿಯಾಕ್ಟಿವ್', ಅಂದರೆ ಪಾಸಿಟಿವ್, ಎಂದು ಬರೆದಿರುವುದು ಕಣ್ಣಿಗೆ ಬಿದ್ದರೆ ಅದೇ ಸಾಲಿನಲ್ಲಿ ಬೆರಳನ್ನು ಬಲಕ್ಕೆ ಸರಿಸುತ್ತಾ ಹೋಗುತ್ತೇನೆ. ಪೆನಿಸಿಲಿನ್ ಕೊಟ್ಟ ದಿನಾಂಕ ಇರಬೇಕಾದ ಚೌಕದಲ್ಲಿ ಕೆಲವೊಮ್ಮೆ ಬರೀ ಒಂದು ಅಡ್ಡಗೆರೆ ಇರುತ್ತದೆ. ಕೆಲವೊಮ್ಮೆ 'ದೊಡ್ಡ ಆಸ್ಪತ್ರೆಗೆ ಕಳುಹಿಸಲಾಗಿದೆ' ಎಂದಿರುತ್ತದೆ. ದಿನಾಂಕವಿದ್ದರೆ ಪರೀಕ್ಷೆಗೂ ಚುಚ್ಚುಮದ್ದಿಗೂ ನಡುವೆ ಎಷ್ಟು ದಿನ ಕಳೆದಿವೆ ಎಂದು ಎಣಿಸುತ್ತೇನೆ. ಸಿಫಿಲಿಸ್ ಆರೈಕೆ ಹೇಗೆ ನಡೆಯುತ್ತಿದೆ ಎಂದು ತಿಳಿಯಲು ಇದಕ್ಕಿಂತ ನೇರವಾದ ಅಳತೆಗೋಲು ನನಗಿನ್ನೂ ಸಿಕ್ಕಿಲ್ಲ.

ಎಣಿಸುವ ಈ ಚಾಳಿ ನನಗೆ ಅಂಟಿದ್ದು ನಾನೇ ಒಂದು ಚಿಕಿತ್ಸಾಲಯದ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತಿದ್ದ ದಿನಗಳಲ್ಲಿ. ಆರು ತಿಂಗಳ ಗರ್ಭಿಣಿಯೊಬ್ಬರ ರಕ್ತ ತೆಗೆದುಕೊಂಡೆ. ಒಂದೆರಡು ಮಾದರಿಗಾಗಿ ಪರೀಕ್ಷೆಯ ಸಾಮಗ್ರಿ ಬಿಚ್ಚುವುದು ದಂಡವೆಂದು ಹತ್ತು ಹನ್ನೆರಡು ಮಾದರಿ ಸೇರುವವರೆಗೆ ಕಾಯುವ ರೂಢಿ ಅಲ್ಲಿತ್ತು. ಹಾಗಾಗಿ ಆಕೆಯ ಪರೀಕ್ಷೆ ನಡೆದದ್ದು ಒಂಬತ್ತು ದಿನಗಳ ನಂತರ. ಫಲಿತಾಂಶ ಸ್ಪಷ್ಟವಾಗಿತ್ತು, ಟೈಟರ್ 1:32, ಅಂದರೆ ರಕ್ತದ ತಿಳಿದ್ರವವನ್ನು 32 ಪಟ್ಟು ತೆಳುಮಾಡಿದರೂ ಪರೀಕ್ಷೆ ರಿಯಾಕ್ಟಿವ್. ಬರೆದು, ಸಹಿ ಹಾಕಿ, ವೈದ್ಯರ ಮೇಜಿನ ತಟ್ಟೆಯಲ್ಲಿಟ್ಟು ಮುಂದಿನ ಕೆಲಸಕ್ಕೆ ಹೋದೆ. ಆಕೆ ಮತ್ತೆ ಬಂದದ್ದು ಮುಂದಿನ ತಪಾಸಣೆಯ ದಿನ, ಅಂದರೆ ಒಂದು ತಿಂಗಳ ಮೇಲೆ. ಆಗ ಔಷಧ ಕೊಠಡಿಯಲ್ಲಿ ಬೆಂಜಥೀನ್ ಪೆನಿಸಿಲಿನ್ ಇರಲಿಲ್ಲವೆಂದು ಚೀಟಿ ಬರೆದು ಬೇರೆಡೆಗೆ ಕಳುಹಿಸಿದರು. ಅಲ್ಲಿ ಇನ್ನೊಂದು ಖಚಿತ ಪರೀಕ್ಷೆ ಆಗಲಿ ಎಂದರು. ಮೊದಲ ಚುಚ್ಚುಮದ್ದು ಬಿದ್ದದ್ದು 36ನೇ ವಾರದಲ್ಲಿ, ಹೆರಿಗೆಯಾದದ್ದು 38ನೇ ವಾರದಲ್ಲಿ. ಹೆರಿಗೆಗೆ ಕನಿಷ್ಠ 30 ದಿನ ಮುಂಚೆ ತಾಯಿಗೆ ಪೆನಿಸಿಲಿನ್ ಶುರುವಾಗಿರದಿದ್ದರೆ ಆ ಚಿಕಿತ್ಸೆ ಸಾಲದೆಂದೇ ಲೆಕ್ಕ. ಹೀಗಾಗಿ ಮಗುವನ್ನು ಆಸ್ಪತ್ರೆಯಲ್ಲಿಟ್ಟುಕೊಂಡು ಹತ್ತು ದಿನ ಪೆನಿಸಿಲಿನ್ ಕೊಡಬೇಕಾಯಿತು. ಆ ಸರಪಳಿಯಲ್ಲಿದ್ದ ಪ್ರತಿಯೊಬ್ಬರೂ ತಮ್ಮ ಪಾಲಿನ ಕೆಲಸ ಮಾಡಿದ್ದರು. ನನ್ನ ಪರೀಕ್ಷೆಯಲ್ಲಿ ತಪ್ಪಿರಲಿಲ್ಲ, ಸಹಿಯೂ ಸರಿಯಾದ ಜಾಗದಲ್ಲಿತ್ತು.

ಸಿಫಿಲಿಸ್ ತರುವ ಟ್ರೆಪೊನೀಮಾ ಪ್ಯಾಲಿಡಮ್ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯಾವನ್ನು ಗುರುತಿಸಿದ್ದು 1905ರಲ್ಲಿ. ಮರುವರ್ಷವೇ ವಾಸರ್‌ಮನ್ ರಕ್ತಪರೀಕ್ಷೆ ಬಂತು. ಪೆನಿಸಿಲಿನ್‌ನಿಂದ ರೋಗ ವಾಸಿಯಾಗುತ್ತದೆಂದು 1943ರಲ್ಲಿ ತಿಳಿಯಿತು, ಮತ್ತು ಅಂದಿನಿಂದ ಇಂದಿನವರೆಗೆ ಈ ಬ್ಯಾಕ್ಟೀರಿಯಾ ಪೆನಿಸಿಲಿನ್‌ಗೆ ಮಣಿಯುತ್ತಲೇ ಬಂದಿದೆ. ಇಷ್ಟಾಗಿಯೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ 15ರಿಂದ 49 ವರ್ಷದೊಳಗಿನ ಸುಮಾರು 80 ಲಕ್ಷ ಜನರಿಗೆ ಹೊಸದಾಗಿ ಸಿಫಿಲಿಸ್ ತಗುಲಿತು. ಅದೇ ವರ್ಷ ತಾಯಿಯಿಂದ ಮಗುವಿಗೆ ಹರಡಿದ ಪ್ರಕರಣಗಳು ಸುಮಾರು 7 ಲಕ್ಷ. ರೋಗವನ್ನು ಪತ್ತೆ ಮಾಡುವ ವಿಧಾನವೂ ಇದೆ, ವಾಸಿ ಮಾಡುವ ಔಷಧವೂ ಇದೆ, ಅವೆರಡೂ ಒಬ್ಬಳೇ ಹೆಂಗಸಿನ ಬಳಿಗೆ ಒಂದೇ ದಿನ ತಲುಪುವುದು ಮಾತ್ರ ಕಷ್ಟವಾಗಿದೆ.

ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ಹದಿನೈದು ಇಪ್ಪತ್ತು ನಿಮಿಷದಲ್ಲಿ ಉತ್ತರ ಪಡೆಯುವ ಕ್ಷಿಪ್ರ ಪರೀಕ್ಷೆಗಳು ಬಂದ ಮೇಲೆ, ಮಾದರಿಗಳು ಸೇರಲಿ ಎಂದು ಕಾಯುವುದಕ್ಕೆ ಕಾರಣವೇ ಉಳಿದಿಲ್ಲ. ಎಚ್‌ಐವಿ ಮತ್ತು ಸಿಫಿಲಿಸ್ ಎರಡನ್ನೂ ಒಂದೇ ಪರೀಕ್ಷಾಪಟ್ಟಿಯಲ್ಲಿ ತೋರಿಸುವ ಕಿಟ್‌ಗಳೂ ಇವೆ. ಆದರೆ ಈ ಸುಲಭದ ಪರೀಕ್ಷೆಯೂ ಕೈತಪ್ಪುವುದನ್ನು ನಾನು ಕಂಡಿದ್ದೇನೆ. ಒಂದು ಕಡೆ ಬೆಳಗಿನ ಸರದಿ ಮುಗಿಯುವವರೆಗೆ ಏಳೆಂಟು ಪಟ್ಟಿಗಳನ್ನು ಸಾಲಾಗಿ ಮೇಜಿನ ಮೇಲೆ ಬಿಟ್ಟು, ಎಲ್ಲವನ್ನೂ ಮಧ್ಯಾಹ್ನ ಒಟ್ಟಿಗೆ ಓದುತ್ತಿದ್ದರು. ಅಷ್ಟು ಹೊತ್ತಿಗೆ ಒಣಗಿದ ಪಟ್ಟಿಯ ಮೇಲೆ ಇಲ್ಲದ ಗೆರೆಯೊಂದು ಮಸುಕಾಗಿ ಮೂಡಬಹುದು. ಇನ್ನೊಂದು ಕಡೆ ನಿಗದಿತ ಸಮಯದೊಳಗೆ ನಿಜವಾಗಿಯೇ ಮೂಡಿದ್ದ ತೆಳುಗೆರೆಯನ್ನು 'ಅಷ್ಟು ತೆಳುವಾಗಿದೆಯಲ್ಲ, ಬಿಡಿ' ಎಂದು ನೆಗೆಟಿವ್ ಎಂದು ಬರೆದಿದ್ದರು. ಗೆರೆ ಎಷ್ಟು ತೆಳುವಾಗಿದ್ದರೂ ಸಮಯದೊಳಗೆ ಬಂದರೆ ಅದು ಗೆರೆಯೇ. ಪಟ್ಟಿ ಸರಿಯಾಗಿ ಕೆಲಸ ಮಾಡಿದೆಯೆಂದು ತೋರಿಸುವ ಕಂಟ್ರೋಲ್ ಗೆರೆ ಬಾರದ ಪಟ್ಟಿಯಾದರೆ ಎಸೆದು ಹೊಸದರಲ್ಲಿ ಮತ್ತೆ ಮಾಡಬೇಕು.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಬೇರೆಯದು. ಕ್ಷಿಪ್ರ ಪರೀಕ್ಷೆ ಹುಡುಕುವುದು ಈ ಬ್ಯಾಕ್ಟೀರಿಯಾದ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು, ಮತ್ತು ಅವು ಚಿಕಿತ್ಸೆಯಾಗಿ ರೋಗ ಹೋದ ಮೇಲೂ ಬಹುಪಾಲು ಜನರ ರಕ್ತದಲ್ಲಿ ಜೀವನಪರ್ಯಂತ ಉಳಿಯುತ್ತವೆ. ಮೊದಲ ಬಸಿರಿನಲ್ಲೇ ಪೂರ್ತಿ ಚಿಕಿತ್ಸೆ ಪಡೆದಿದ್ದ ಮಹಿಳೆಯೊಬ್ಬರಿಗೆ ಎರಡನೆಯ ಬಸಿರಿನಲ್ಲಿ ಮತ್ತೆ ಪಾಸಿಟಿವ್ ಬಂದಾಗ, 'ಮತ್ತೆ ಹಚ್ಚಿಕೊಂಡು ಬಂದಿದ್ದೀರಾ' ಎಂದು ನರ್ಸ್ ಎಲ್ಲರೆದುರು ಕೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ರೋಗ ಈಗ ಸಕ್ರಿಯವಾಗಿದೆಯೇ ಎಂದು ತಿಳಿಯಲು ಆರ್‌ಪಿಆರ್ ಅಥವಾ ವಿಡಿಆರ್‌ಎಲ್ ಎಂಬ ಬೇರೆ ಬಗೆಯ ರಕ್ತಪರೀಕ್ಷೆಯ ಟೈಟರ್ ಬೇಕು. ಹಿಂದಿನ ಚಿಕಿತ್ಸೆಯ ದಾಖಲೆ ಸಿಗದಿದ್ದರೆ ಗರ್ಭಿಣಿಗೆ ಚುಚ್ಚುಮದ್ದು ಕೊಟ್ಟುಬಿಡುವುದೇ ಕ್ಷೇಮ. ಒಂದು ಚುಚ್ಚುಮದ್ದು ಹೆಚ್ಚಾದರೆ ಆಗುವ ನಷ್ಟಕ್ಕಿಂತ ತಪ್ಪಿದರೆ ಆಗುವ ನಷ್ಟ ಬಹಳ ದೊಡ್ಡದು. ಬೈಗುಳವಂತೂ ಎರಡೂ ಸಂದರ್ಭಕ್ಕೆ ಬೇಕಿಲ್ಲ.

ಆರ್‌ಪಿಆರ್ ಕಾರ್ಡನ್ನು ನೋಡುವುದೆಂದರೆ ನನಗೆ ಈಗಲೂ ಇಷ್ಟ. ಬಿಳಿ ವೃತ್ತದೊಳಗೆ ರಕ್ತದ ತಿಳಿದ್ರವವಾದ ಸೀರಮ್ಮಿನ ಹನಿ, ಅದರ ಮೇಲೆ ಇದ್ದಿಲ ಕಣಗಳಿರುವ ಕಪ್ಪು ದ್ರವದ ಹನಿ. ನಿಮಿಷಕ್ಕೆ 100 ಸುತ್ತಿನಂತೆ 8 ನಿಮಿಷ ತಿರುಗಿಸಿದರೆ ಕಣಗಳು ಒಂದೋ ಹೊಗೆಯ ಹಾಗೆ ಸಮವಾಗಿ ಹರಡಿರುತ್ತವೆ, ಇಲ್ಲವೇ ಹುಡಿ ಹುಡಿಯಾಗಿ ಗಂಟುಕಟ್ಟಿರುತ್ತವೆ. ಗಂಟುಕಟ್ಟಿದರೆ ರಿಯಾಕ್ಟಿವ್. ತಿರುಗಿಸುವ ಯಂತ್ರ ಕೆಟ್ಟಿದೆಯೆಂದು ಕೈಯಲ್ಲೇ ಆಡಿಸಿ, ಗಡಿಯಾರ ನೋಡದೆ ಓದುವ ಕಡೆಗಳಲ್ಲಿ ಬರುವ ಉತ್ತರಕ್ಕೆ ಹೆಚ್ಚು ಬೆಲೆ ಕೊಡಲಾಗದು. ಒಂದು ವಿಚಿತ್ರವೂ ಇಲ್ಲಿದೆ: ರೋಗ ತೀವ್ರವಾಗಿರುವ ಎರಡನೆಯ ಹಂತದಲ್ಲಿ ಪ್ರತಿಕಾಯಗಳು ಮಿತಿಮೀರಿ ಹೆಚ್ಚಾಗಿ, ಗಂಟುಕಟ್ಟುವುದೇ ನಿಂತು ಪರೀಕ್ಷೆ ನೆಗೆಟಿವ್‌ನಂತೆ ಕಾಣಬಹುದು. ಅಂಗೈ ಅಂಗಾಲಿನಲ್ಲಿ ಗಂಧೆಗಳೆದ್ದ ರೋಗಿಗೆ ನೆಗೆಟಿವ್ ಬಂದರೆ ಸೀರಮ್ಮನ್ನು ತೆಳುಮಾಡಿ ಮತ್ತೆ ನೋಡುವುದು ಲ್ಯಾಬ್‌ನವರಿಗೆ ಗೊತ್ತಿರಬೇಕು, ಆದರೆ ಹಾಗೆ ಮಾಡಬೇಕಾದರೆ ಆ ಗಂಧೆಗಳ ವಿಷಯವನ್ನು ಯಾರಾದರೂ ಅವರಿಗೆ ಹೇಳಿರಬೇಕು.

ಚುಚ್ಚುಮದ್ದಿನ ಕೊಠಡಿಗೆ ಬಂದರೆ ಅಲ್ಲಿ ಅಡ್ಡ ನಿಲ್ಲುವುದು ಹೆಚ್ಚಾಗಿ ಭಯವೇ. ಆರಂಭಿಕ ಸಿಫಿಲಿಸ್‌ಗೆ 24 ಲಕ್ಷ ಯೂನಿಟ್ ಬೆಂಜಥೀನ್ ಪೆನಿಸಿಲಿನ್ ಒಂದೇ ಬಾರಿ, ಎಂದಿನದೆಂದು ತಿಳಿಯದ ಅಥವಾ ಹಳೆಯ ಸೋಂಕಿಗೆ ವಾರಕ್ಕೊಂದರಂತೆ ಮೂರು ಬಾರಿ. ಪುಡಿಗೆ ನೀರು ಬೆರೆಸಿದಾಗ ಹಾಲಿನಂತೆ ದಪ್ಪಗಾಗುವ ಈ ಔಷಧ ಸಣ್ಣ ಸೂಜಿಯಲ್ಲಿ ಕಟ್ಟಿಕೊಳ್ಳುತ್ತದೆ. ಅರ್ಧ ಒಳಹೋಗಿ ಅರ್ಧ ಸಿರಿಂಜಿನಲ್ಲೇ ಉಳಿದ ಅನುಭವ ಒಮ್ಮೆ ಆದ ನರ್ಸ್‌ಗೆ ಮತ್ತೊಮ್ಮೆ ಕೈ ಹಾಕಲು ಹಿಂಜರಿಕೆ ಸಹಜ. ದಪ್ಪ ಸೂಜಿ ಬಳಸಿ, ಎರಡು ಪೃಷ್ಠಗಳಿಗೂ ಪಾಲು ಮಾಡಿ, ಮಾಂಸಖಂಡದ ಆಳಕ್ಕೆ, ನಿಧಾನವಾಗಿ ಕೊಡಬೇಕು. ರಕ್ತನಾಳಕ್ಕೆ ಮಾತ್ರ ಎಂದಿಗೂ ಹೋಗಕೂಡದು. ಅದಕ್ಕೂ ಮಿಗಿಲಾದದ್ದು ಅಲರ್ಜಿಯ ಭಯ. ಪೆನಿಸಿಲಿನ್‌ಗೆ ಪ್ರಾಣಾಪಾಯದ ಅಲರ್ಜಿ ಅಪರೂಪ, ಆದರೆ ಅದನ್ನು ಎದುರಿಸುವ ಅಡ್ರಿನಲಿನ್ ತಟ್ಟೆಯಲ್ಲಿಲ್ಲದ ಕಡೆ ನರ್ಸ್‌ನ ಭಯವನ್ನು ಅಜ್ಞಾನ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಅಡ್ರಿನಲಿನ್ ಇಡದೆ ಧೈರ್ಯ ತುಂಬುವ ತರಬೇತಿ ಕೊಡುವವರ ಮೇಲೆ ಮಾತ್ರ ಸಿಟ್ಟು ಬರುತ್ತದೆ.

ಚುಚ್ಚುಮದ್ದಿನ ಕೆಲವು ಗಂಟೆಗಳಲ್ಲಿ ಕೆಲವರಿಗೆ ಚಳಿಜ್ವರ, ಮೈಕೈ ನೋವು, ತಲೆನೋವು ಬರುತ್ತವೆ. ಸಾಯುವ ಬ್ಯಾಕ್ಟೀರಿಯಾಗಳಿಗೆ ದೇಹ ತೋರುವ ಈ ಪ್ರತಿಕ್ರಿಯೆಗೆ ಯಾರಿಷ್-ಹರ್ಕ್ಸ್‌ಹೈಮರ್ ಎಂದು ಹೆಸರು. ಸಾಮಾನ್ಯವಾಗಿ ಒಂದು ದಿನದಲ್ಲಿ ತಾನೇ ಇಳಿಯುತ್ತದೆ, ಗರ್ಭಿಣಿಯಲ್ಲಿ ಹೊಟ್ಟೆ ಬಿಗಿಯುವಂತಾದರೆ ಮಾತ್ರ ಕೂಡಲೇ ಬರಬೇಕು. ಇಷ್ಟನ್ನು ಎರಡು ನಿಮಿಷದಲ್ಲಿ ಹೇಳಬಹುದು. ಹೇಳದಿದ್ದಾಗ ಏನಾಗುತ್ತದೆ ಎಂಬುದನ್ನು ಒಂದು ಕಾರ್ಡಿನಲ್ಲಿ ಕಂಡೆ: ರಾತ್ರಿ ಜ್ವರ ಬಂದ ರೋಗಿ ಔಷಧ ಒಗ್ಗಲಿಲ್ಲವೆಂದುಕೊಂಡು ಎರಡನೆಯ ವಾರಕ್ಕೆ ಬರಲಿಲ್ಲ, ತಿಂಗಳ ನಂತರ ಬೇರಾವುದೋ ಕಾರಣಕ್ಕೆ ಬಂದಾಗ ಕೇಳಿದ್ದಕ್ಕೆ ಜ್ವರದ ಕತೆ ಹೇಳಿದರು, ಬರೆಯುವವರು ಕಾರ್ಡಿನ ನೆತ್ತಿಯ ಮೇಲೆ 'ಪೆನಿಸಿಲಿನ್ ಅಲರ್ಜಿ' ಎಂದು ಬರೆದುಬಿಟ್ಟರು. ಆಕೆ ಮುಂದೆ ಗರ್ಭಿಣಿಯಾದರೆ ಆ ಎರಡು ಪದಗಳ ಬೆಲೆ ಏನೆಂದು ಯೋಚಿಸಿ. ಹೊಟ್ಟೆಯಲ್ಲಿರುವ ಮಗುವಿನ ಸಿಫಿಲಿಸ್ ವಾಸಿಮಾಡುತ್ತದೆಂದು ನಂಬಬಹುದಾದ ಔಷಧ ಪೆನಿಸಿಲಿನ್ ಒಂದೇ. ನಿಜವಾದ ಅಲರ್ಜಿ ಇದ್ದವರಿಗೂ ಆಸ್ಪತ್ರೆಯಲ್ಲಿಟ್ಟು ಸಣ್ಣ ಸಣ್ಣ ಪ್ರಮಾಣದಿಂದ ಒಗ್ಗಿಸಿ ಅದನ್ನೇ ಕೊಡಬೇಕೆಂಬುದು ಇದೇ ಕಾರಣಕ್ಕೆ.

ದಾಸ್ತಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಂಜಥೀನ್ ಪೆನಿಸಿಲಿನ್ ಹಳೆಯ, ಅಗ್ಗದ ಔಷಧ. ಅಗ್ಗವಾಗಿರುವುದರಿಂದಲೇ ತಯಾರಿಸುವವರು ಕಡಿಮೆ, ಮತ್ತು 2014ರಿಂದ 2016ರ ನಡುವೆ ಅನೇಕ ದೇಶಗಳಲ್ಲಿ ಅದು ಒಟ್ಟಿಗೇ ಖಾಲಿಯಾಗಿತ್ತು. ಅಂಥ ಕೊರತೆಯನ್ನು ಚಿಕಿತ್ಸಾಲಯವೊಂದು ತಡೆಯಲಾರದು. ಆದರೆ ಹತ್ತು ಸೀಸೆ ಉಳಿದಾಗಲೇ ಬೇಡಿಕೆ ಬರೆಯುವುದು, ಉಳಿದದ್ದನ್ನು ಗರ್ಭಿಣಿಯರಿಗೆ ಮೀಸಲಿಡುವುದು ಅದರ ಕೈಯಲ್ಲೇ ಇದೆ.

ಸಂಗಾತಿಯ ಚಿಕಿತ್ಸೆ ಎಲ್ಲಕ್ಕಿಂತ ದುರ್ಬಲವಾದ ಕೊಂಡಿ. ಗಂಡನಿಗೆ ಚಿಕಿತ್ಸೆಯಾಗದಿದ್ದರೆ ಹೆಂಡತಿಗೆ ಕೊಟ್ಟದ್ದು ಮತ್ತೆ ಸೋಂಕು ತಗುಲುವವರೆಗೆ ಮಾತ್ರ. ಆದರೂ ಬಹಳ ಕಡೆ ಆತನನ್ನು ಕರೆತರುವ ಹೊಣೆಯನ್ನು ಆಕೆಯ ತಲೆಗೇ ಕಟ್ಟಿ ಕಳುಹಿಸುತ್ತಾರೆ, ಮನೆಗೆ ಹೋಗಿ ಏನೆಂದು ಹೇಳಬೇಕು, ಹೇಳಿದರೆ ಹೊಡೆತ ಬೀಳಬಹುದೇ ಎಂದು ಕೇಳದೆ. ಸಿಫಿಲಿಸ್‌ಗೆ ಯುರೋಪಿನಲ್ಲಿ ಒಬ್ಬರು ಫ್ರೆಂಚರ ರೋಗ ಎಂದರೆ ಫ್ರೆಂಚರು ಅದನ್ನು ನೇಪಲ್ಸಿನವರ ರೋಗ ಎಂದರು. ನಮ್ಮ ಭಾಷೆಯೂ ಪರಂಗಿ ರೋಗ ಎಂದು ಹೊರಗಿನವರ ಮೇಲೆ ಹಾಕಿತು. ಯಾರಿಂದ ಬಂತು ಎಂಬ ಪ್ರಶ್ನೆಯ ಹಟ ಐನೂರು ವರ್ಷ ಹಳೆಯದು, ಅದು ಇಂದಿಗೂ ಸಮಾಲೋಚನೆಯ ಕೊಠಡಿಯಲ್ಲಿ ಮೊದಲ ಪ್ರಶ್ನೆಯಾಗಿ ಕೂತಿರುತ್ತದೆ. ನಾನು ಕಂಡ ಒಂದು ಚಿಕಿತ್ಸಾಲಯದಲ್ಲಿ ಮಾತ್ರ ಕಾಗದದಲ್ಲಿ ರೋಗದ ಹೆಸರೇ ಇರಲಿಲ್ಲ. 'ನಿಮ್ಮ ಪತ್ನಿಯ ಗರ್ಭ ತಪಾಸಣೆಯ ಭಾಗವಾಗಿ ನೀವೂ ರಕ್ತಪರೀಕ್ಷೆಗೆ ಬನ್ನಿ' ಎಂದು ಎಲ್ಲ ಗಂಡಂದಿರಿಗೂ ಒಂದೇ ಒಕ್ಕಣೆ ಹೋಗುತ್ತಿತ್ತು. ಎಲ್ಲರಿಗೂ ಹೋಗುತ್ತಿದ್ದುದರಿಂದ ಯಾರ ಮೇಲೂ ಅನುಮಾನ ಬರುತ್ತಿರಲಿಲ್ಲ.

ಅದೇ ಚಿಕಿತ್ಸಾಲಯದಲ್ಲಿ ಇನ್ನೊಂದು ಸಣ್ಣ ಏರ್ಪಾಡು ನೋಡಿದೆ. ಚಿಕಿತ್ಸೆ ಫಲಿಸಿದೆಯೆಂದು ಹೇಳಲು ಟೈಟರ್ ನಾಲ್ಕು ಪಟ್ಟು ಇಳಿಯಬೇಕು, 1:32 ಇದ್ದದ್ದು 1:8 ಆಗಬೇಕು. ಅದಕ್ಕೆ ತಿಂಗಳುಗಳೇ ಬೇಕು, ಅಷ್ಟರಲ್ಲಿ ತಾಯಿ ಬೇರೆ ಊರಿಗೆ ಹೋಗಿರುತ್ತಾಳೆ, ರಿಜಿಸ್ಟರ್ ಮಾತ್ರ ಇಲ್ಲೇ ಇರುತ್ತದೆ. ಅಲ್ಲಿನ ನರ್ಸ್ ಅಂಗೈಯಗಲದ ಚೀಟಿಯೊಂದರಲ್ಲಿ ಟೈಟರ್, ಔಷಧದ ಪ್ರಮಾಣ, ಕೊಟ್ಟ ದಿನಾಂಕಗಳನ್ನು ಬರೆದು, ಮಡಚಿ, ತಾಯಿಯ ಕೈಗೇ ಕೊಡುತ್ತಿದ್ದರು. ನಾನು ಹೋದ ದಿನ ಅವರು ಬರೆಯುತ್ತಿದ್ದ ಚೀಟಿಯಲ್ಲಿ ಪರೀಕ್ಷೆಯ ದಿನಾಂಕವೂ ಮೊದಲ ಚುಚ್ಚುಮದ್ದಿನ ದಿನಾಂಕವೂ ಒಂದೇ ಆಗಿದ್ದವು, ಎಣಿಸುವ ಕೆಲಸ ನನಗಿರಲಿಲ್ಲ.